ಮೆಲ್ಲಗೆ ಮಾತಾಡಲು ಬಾರದ ಪೀರಣ್ಣ

ಪೀರಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಅವರ ಟ್ರ್ಯಾಕ್ಟರ್ ರಿಪೇರಿ ಶೆಡ್ಡು ನಮ್ಮ ಶಾಲೆಯ ಗೇಟಿನ ಎದುರಿಗೆ, ರಸ್ತೆಯ ಆ ಬದಿಗೆ ಇತ್ತು. ಅವರು ಗಿರಾಕಿಯ ಹತ್ತಿರ ಗುಟ್ಟು ಹೇಳಿದರೂ ಅದು ರಸ್ತೆ ದಾಟಿ, ಕಾಂಪೌಂಡು ದಾಟಿ, ನಾಲ್ಕನೇ ತರಗತಿಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ನಾನು ಆ ಶಾಲೆಗೆ ಟೀಚರಾಗಿ ಹೋದ ಹೊಸತರಲ್ಲಿ ಒಂದು ದಿನ ಮಕ್ಕಳಿಗೆ ಉಕ್ತಲೇಖನ ಕೊಡುತ್ತಿದ್ದೆ. ಹಳ್ಳ, ಬೆಟ್ಟ, ಅಕ್ಕಿ ಎಂದು ಒತ್ತಕ್ಷರದ ಪದಗಳನ್ನು ಹೇಳುತ್ತ ಹೋದೆ. ಆಮೇಲೆ ಪುಸ್ತಕ ತಿದ್ದುವಾಗ ನೋಡಿದರೆ ಮೂರನೇ ಬೆಂಚಿನ ಹುಡುಗಿಯೊಬ್ಬಳು ‘ಅಕ್ಕಿ’ಯ ಕೆಳಗೆ ‘ಕ್ಲಚ್ ಪ್ಲೇಟು ಸುಟ್ಟೈತೆ’ ಎಂದು ಬರೆದಿದ್ದಳು. ಒಂದು ಒತ್ತೂ ತಪ್ಪಿರಲಿಲ್ಲ. ಇದನ್ನು ಯಾರು ಹೇಳಿದರು ಎಂದು ಕೇಳಿದೆ. “ಪೀರಣ್ಣ ಹೇಳಿದ್ದು ಮಿಸ್. ನೀವೇ ಹೇಳಿದ್ದು ಅನ್ಕಂಡೆ” ಎಂದಳು. ನಾನು ಸರಿ ಗುರುತು ಹಾಕಿಕೊಟ್ಟೆ.

ಪೀರಣ್ಣನ ಪೂರ್ತಿ ಹೆಸರು ದಾದಾಪೀರ್. ಹತ್ತೊಂಬತ್ತರ ವಯಸ್ಸಿನಲ್ಲಿ ಚಳ್ಳಕೆರೆಯ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುವಾಗ ಗಾಳಿ ತುಂಬುತ್ತಿದ್ದ ಲಾರಿ ಟೈರು ಸಿಡಿದು ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಅಷ್ಟಕ್ಕಷ್ಟೆ. ತನ್ನ ದನಿ ತನಗೇ ನೆಟ್ಟಗೆ ಕೇಳಿಸದ ಮನುಷ್ಯ ಅದನ್ನು ಎಷ್ಟಕ್ಕೆ ಇಳಿಸಬೇಕೆಂದು ತಿಳಿಯುವುದಾದರೂ ಹೇಗೆ? ಊರಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಅವರ ಎಡಕ್ಕೆ ಬಂದು ನಿಂತವರು ಬಾಯಿ ತೆರೆಯುವ ಮೊದಲು ಸುತ್ತಿಕೊಂಡು ಬಲಕ್ಕೆ ಬರುತ್ತಿದ್ದರು. ಹೊಸಬರಾದರೆ ಪೀರಣ್ಣನೇ ಇಡೀ ಮೈ ತಿರುಗಿಸಿ, “ಈ ಕಡೆ ಬಾಗ್ಲು ತೆಗೆದೈತೆ, ಇಲ್ಲಿಂದ ಹೇಳ್ರಿ” ಎನ್ನುತ್ತಿದ್ದರು.

ಊರಿನ ಹೆಸರು ಬರೆಯುವುದಿಲ್ಲ. ನಾನಿನ್ನೂ ಸರ್ಕಾರಿ ನೌಕರಳು. ನಾನಿದ್ದದ್ದು ಚಳ್ಳಕೆರೆಯಲ್ಲಿ. ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹಿಡಿದು, ನಡುವೆ ಒಂದು ಕ್ರಾಸಿನಲ್ಲಿ ಇಳಿದು ನಡೆದರೆ ಆ ಊರು. ಪೀರಣ್ಣನ ತಂದೆ ಚಳ್ಳಕೆರೆಯಿಂದ ಅಲ್ಲಿಗೆ ಬಂದು ಶೆಡ್ಡು ಹಾಕಿದವರು. ಹೆಂಡತಿ ದೇವಸಮುದ್ರದ ಕಡೆಯವರು. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ, ಆಂಧ್ರದ ಕಡೆಯಿಂದ ಗಾಡಿ ತಂದವರ ಜೊತೆ ತೆಲುಗು. ಮೂರರಲ್ಲೂ ಅದೇ ದನಿ. ಎರಡು ಗಂಡು ಮಕ್ಕಳು ದೊಡ್ಡವರಾಗಿ ಹೊರಗಡೆ ಕೆಲಸಕ್ಕೆ ಹೋದ ಮೇಲೆ ಹುಟ್ಟಿದ ಕೊನೆಯ ಮಗಳು ಆಸ್ಮಾ. ಅವಳು ನಮ್ಮ ಶಾಲೆಯಲ್ಲಿ ಐದನೇ ತರಗತಿಯಲ್ಲಿದ್ದಾಗ ಪೀರಣ್ಣ ಶಾಲೆಯ ಎಸ್‌ಡಿಎಂಸಿಗೆ ಸದಸ್ಯರಾಗಿ ಬಂದರು.

ಎಸ್‌ಡಿಎಂಸಿ ಎಂದರೆ ಸರ್ಕಾರಿ ಶಾಲೆಯನ್ನು ನೋಡಿಕೊಳ್ಳಲು ಪೋಷಕರೇ ಆರಿಸಿಕೊಳ್ಳುವ ಸಮಿತಿ. ಊರಿನವರ ಬಾಯಲ್ಲಿ ಅದು ಕಮಿಟಿ. ಪೀರಣ್ಣ ಬರುವ ಮೊದಲು ಕಮಿಟಿಯ ಸಭೆ ನಡೆಯುತ್ತಿದ್ದುದು ನಡಾವಳಿ ಪುಸ್ತಕದಲ್ಲಿ ಮಾತ್ರ. ಹೆಡ್‌ಮಾಸ್ಟರ್ ತಿಪ್ಪೇಸ್ವಾಮಿಯವರು ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಪುಸ್ತಕ ಹೋಟೆಲಿಗೆ, ಹೊಲಕ್ಕೆ, ಹಾಲಿನ ಡೈರಿಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ತಿಪ್ಪೇಸ್ವಾಮಿಯವರು ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಒಳ್ಳೆಯವರು.

ಪುಸ್ತಕ ಮೊದಲ ಸಲ ಶೆಡ್ಡಿಗೆ ಹೋದಾಗ ಪೀರಣ್ಣ ಸಹಿ ಹಾಕಲಿಲ್ಲ. ಗ್ರೀಸಿನ ಕೈ ಒರೆಸಿಕೊಂಡು ಪುಸ್ತಕವನ್ನು ಎದೆಗವಚಿಕೊಂಡು ಶಾಲೆಗೇ ಬಂದರು.

“ಟೀಚರಮ್ಮ, ನಂಗೆ ಇದು ಪೂರ್ತಿ ಓದಾಕೆ ಬರಲ್ಲ. ನಾನು ಉರ್ದು ಸ್ಕೂಲಲ್ಲಿ ಮೂರನೇ ಕ್ಲಾಸು. ಕನ್ನಡ ಬಸ್ಸಿನ ಬೋರ್ಡು, ಸ್ಪೇರ್ ಪಾರ್ಟ್ ಡಬ್ಬಿ ನೋಡಿ ಕಲ್ತಿದ್ದು. ಓದ್ದಲೆ ಸೈನ್ ಹಾಕದು ಬರಾಬರ್ ಅಲ್ಲ. ನೀವು ಕಲಿಸ್ತೀರಾ?”

ಶಾಲೆ ಬಿಟ್ಟ ಮೇಲೆ ನನ್ನ ಬಸ್ಸಿಗೆ ಅರ್ಧ ಗಂಟೆ ಇರುತ್ತಿತ್ತು. ಆ ಅರ್ಧ ಗಂಟೆ ಪೀರಣ್ಣನದಾಯಿತು. ಸೀಮೆಎಣ್ಣೆಯಲ್ಲಿ ಕೈ ತೊಳೆದು, ಮೇಲೆ ಸೋಪಿನ ಪುಡಿ ಹಚ್ಚಿ ಉಜ್ಜಿಕೊಂಡು, ನಾಲ್ಕನೇ ತರಗತಿಯ ಬೆಂಚಿನಲ್ಲಿ ಮಂಡಿ ಮಡಚಲಾಗದೆ ಪಕ್ಕಕ್ಕೆ ಚಾಚಿ ಕೂರುತ್ತಿದ್ದರು. ಆಸ್ಮಾ ಬಾಗಿಲ ಹತ್ತಿರ ನಿಂತು ನಗುತ್ತಿದ್ದಳು. ಅಕ್ಷರಗಳು ಬೇಗ ಬಂದವು. ಒತ್ತಕ್ಷರದಲ್ಲಿ ಮಾತ್ರ ಗಾಡಿ ನಿಂತುಬಿಡುತ್ತಿತ್ತು.

“ಒಂದು ಅಕ್ಷರದ ಕೆಳಗೆ ಇನ್ನೊಂದು ಯಾಕೆ ಜೋತಾಡ್ತೈತೆ? ಪಕ್ಕದಲ್ಲಿ ಜಾಗ ಇಲ್ವಾ?” ಎಂದು ಕೇಳಿದ್ದರು.

ಯಾವ ಪದ ಬರೆಯಲು ಮೊದಲು ಕಲಿಸಲಿ ಎಂದಾಗ ಹೆಸರು ಹೇಳುತ್ತಾರೆಂದುಕೊಂಡಿದ್ದೆ. ಅವರು ಗೋಡೆಯ ಮೇಲಿನ ನೋಟೀಸು ತೋರಿಸಿ, “ಅಲ್ಲಿ ‘ಆಕ್ಷೇಪಣೆ ಇದ್ದಲ್ಲಿ ತಿಳಿಸುವುದು’ ಅಂತ ಐತಲ್ಲ, ಅದ್ರಲ್ಲಿ ಮೊದಲ್ನೇದು” ಎಂದರು. ‘ಆಕ್ಷೇಪಣೆ’ ಕಲಿಯಲು ನಾಲ್ಕು ದಿನ ಹಿಡಿಯಿತು. ಬಿಡಿಭಾಗದ ಅಂಗಡಿಯವರು ಕೊಟ್ಟ ಹಳೆಯ ಡೈರಿಯಲ್ಲಿ ಒಂದು ಪುಟ ತುಂಬ ಅದನ್ನೇ ಬರೆದು ತಂದಿದ್ದರು. ಓದುವುದೂ ಅಷ್ಟೆ. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲಿ ಓದಿಕೊಳ್ಳುವುದು ಅವರಿಗೆ ಕೊನೆಗೂ ಬರಲಿಲ್ಲ.

ಆಮೇಲಿಂದ ಸಭೆ ನಿಜವಾಗಿಯೂ ನಡೆಯಬೇಕಾಯಿತು. ಹುಡುಗಿಯರ ಶೌಚಾಲಯಕ್ಕೆ ನೀರು ಬರುತ್ತಿರಲಿಲ್ಲ. ಅದರ ಬಗ್ಗೆ ನಾನು ಎಂದಿನಂತೆ ‘ಸೂಕ್ತ ಕ್ರಮ ವಹಿಸಲಾಗುವುದು’ ಎಂದು ಬರೆದಿದ್ದೆ. ಪೀರಣ್ಣ ಅದನ್ನು ಓದಿ ಮುಗಿಸಿ ತಲೆಯೆತ್ತಿದರು.

“ವಹಿಸಲಾಗುವುದು ಅಂದ್ರೆ ಯಾರು ವಹಿಸ್ತಾರೆ ಸಾರ್?”

“ಅದು ಹಂಗೇ ಬರಿಯೋದು ಪೀರಣ್ಣ, ರೂಢಿ” ಎಂದರು ಹೆಡ್‌ಮಾಸ್ಟರು.

“ಟ್ರ್ಯಾಕ್ಟರ್ ತಂದೋನಿಗೆ ನಾನು ‘ರಿಪೇರಿ ಮಾಡಲಾಗುವುದು’ ಅಂದ್ರೆ ಸುಮ್ಕೆ ಮನೆಗೆ ಹೋಗ್ತಾನಾ? ಯಾರು ಮಾಡ್ತೀರಿ, ಯಾವತ್ತು ಕೊಡ್ತೀರಿ ಅಂತ ಕೇಳ್ತಾನೆ. ಅದನ್ನ ಬರೀರಿ.”

ಎಲ್ಲರೂ ನಕ್ಕರು. ತಿಪ್ಪೇಸ್ವಾಮಿಯವರೂ ನಕ್ಕರು. ನಗುತ್ತಲೇ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ‘ಮುಖ್ಯ ಶಿಕ್ಷಕರು, ಬರುವ ಸೋಮವಾರದೊಳಗೆ’ ಎಂದು ತಾವೇ ಸೇರಿಸಿದರು. ಮಂಗಳವಾರ ನೀರು ಬಂತು. ಹುಡುಗಿಯರು ನಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಬರೆದ ಒಂದು ವಾಕ್ಯದಿಂದ ಏನಾದರೂ ಆದದ್ದು ಅದೇ ಮೊದಲು.

ಆ ವರ್ಷ ಮಕ್ಕಳನ್ನು ಜಟಿಂಗ ರಾಮೇಶ್ವರಕ್ಕೆ ಕರೆದುಕೊಂಡು ಹೋದೆವು. ಗಿರಾಕಿಯೊಬ್ಬರ ಟ್ರೇಲರ್ ಕೇಳಿ ತಂದು ಪೀರಣ್ಣನೇ ಓಡಿಸಿದರು. ಮೆಟ್ಟಿಲು ಹತ್ತುವಾಗ ಮಕ್ಕಳೆಲ್ಲ ಮುಂದೆ, ಇಬ್ಬರು ಏದುಸಿರಿನವರು ಹಿಂದೆ, ನಾನು ಮತ್ತು ಪೀರಣ್ಣ. ಮೇಲೆ ಅಶೋಕನ ಶಾಸನದ ಬಂಡೆಯ ಮುಂದೆ ನಿಂತು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದರು. ತಂದೆ ತಾಯಿ, ಗುರುಗಳ ಮಾತು ಕೇಳಬೇಕು, ಸತ್ಯ ಹೇಳಬೇಕು ಎಂದು ರಾಜ ಜನರಿಗೆ ಹೇಳಿದ್ದಾನೆ ಎಂದೆ.

“ಸರಿ, ರಾಜ ಹೇಳಿದ. ಜನ ಏನಂದ್ರು? ಅದನ್ನ ಬರ್ದಿಲ್ವಾ?”

“ಇಲ್ಲ ಪೀರಣ್ಣ.”

“ಹಂಗಾರೆ ಆವತ್ತಿಂದ್ಲೂ ನಡಾವಳಿ ಇಂಗೇ ಬರೀತಾವ್ರೆ ಅನ್ರಿ.”

ಅವರ ನಗು ಬೆಟ್ಟಕ್ಕೆಲ್ಲ ಕೇಳಿಸಿತು. ದೇವಸ್ಥಾನದ ಪೂಜಾರಿ ಹೊರಗೆ ಬಂದು ನೋಡಿದರು.

ಮುಂದಿನ ವರ್ಷ ಆಸ್ಮಾ ಆರನೇ ತರಗತಿಗೆ ಬಂದಳು. ಅದೇ ವರ್ಷ ಮೇಲಿನಿಂದ ಒಂದು ಸುದ್ದಿ ಬಂತು. ನಮ್ಮ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಯಲ್ಲಿ ಮಕ್ಕಳು ಕಡಿಮೆ, ಆ ಎರಡನ್ನೂ ಮುಚ್ಚಿ ನಾಲ್ಕು ಮೈಲಿ ಆಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರೆ ಎಂದು. ಅಲ್ಲಿಗೆ ಶಾಲೆಯ ಹೊತ್ತಿಗೆ ಬಸ್ಸಿರಲಿಲ್ಲ. ಗಂಡು ಮಕ್ಕಳು ಸೈಕಲ್ಲಿನಲ್ಲಿ ಹೋದಾರು. ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದ ವಿಷಯ. ಆ ತಿಂಗಳ ಸಭೆಯಲ್ಲಿ ಓಬಕ್ಕ ಎಂಬ ತಾಯಿ ಎದ್ದು ನಿಂತು, ತನ್ನ ಮಗಳು ಕುರಿ ಹಿಂದೆ ಹೋಗಬೇಕಾಗುತ್ತದೆ ಎಂದು ಅತ್ತಳು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕಿದರು. ಅದು ಎಲ್ಲೆಲ್ಲಿಗೋ ಹೋಗಿ, ತಲುಪಬಾರದವರಿಗೂ ತಲುಪಿತು.

ಮುಂದಿನ ಸಭೆಗೆ ಮೊದಲೇ ಗೋಡೆಗೆ ಹೊಸ ನೋಟೀಸು ಬಂತು. ಸಭೆಗೆ ಶಿಕ್ಷಣ ಇಲಾಖೆಯ ಅಧಿಕಾರಿಗಳು ಖುದ್ದಾಗಿ ಬರುತ್ತಾರೆ. ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ. ಮೊಬೈಲ್ ತರುವಂತಿಲ್ಲ. ಪ್ರಶ್ನೆ ಇದ್ದರೆ ಮೂರು ದಿನ ಮುಂಚಿತವಾಗಿ ಬರೆದು ಕೊಡತಕ್ಕದ್ದು. ಪೀರಣ್ಣ ಅದರ ಮುಂದೆ ನಿಂತು ಪೂರ್ತಿ ಓದಿದರು. ನಾವೆಲ್ಲ ಸ್ಟಾಫ್ ರೂಮಿನಲ್ಲಿ ಕೂತು ಕೇಳಿಸಿಕೊಂಡೆವು.

ಮರುದಿನ ಡೈರಿಯ ಹಾಳೆಯೊಂದನ್ನು ಹರಿದು ತಂದುಕೊಟ್ಟರು. ಅದರಲ್ಲಿ ಅವರದೇ ಅಕ್ಷರದಲ್ಲಿ ಮೂರು ಸಾಲಿತ್ತು. ‘ಆರು ಏಳು ಕ್ಲಾಸು ಯಾಕೆ ತೆಗೀತೀರಿ. ಯಾರು ಒಪ್ಪಿದರು. ಹೆಣ್ಣು ಮಕ್ಕಳು ಹೆಂಗೆ ಹೋಗಬೇಕು.’ ಕೆಳಗೆ ಸಹಿ. ‘ಒಪ್ಪಿದರು’ ಎಂಬಲ್ಲಿ ಒತ್ತು ಸರಿಯಾಗಿತ್ತು. ತಿಪ್ಪೇಸ್ವಾಮಿಯವರು ಅದನ್ನು ಫೈಲಿನಲ್ಲಿಟ್ಟುಕೊಂಡರು. “ಕೊಡ್ತೀನಿ ಬಿಡ್ರಿ ಪೀರಣ್ಣ” ಎಂದರು.

ಸಭೆ ನಡೆದದ್ದು ಒಂದು ಮಧ್ಯಾಹ್ನ, ಏಳನೇ ತರಗತಿಯ ಕೋಣೆಯಲ್ಲಿ. ಅಧಿಕಾರಿ ಜೀಪಿನಲ್ಲಿ ಬಂದರು. ಜೊತೆಗೆ ಒಬ್ಬ ಪೊಲೀಸಿನವನು. ಶಾಲೆಯ ಸಭೆಗೆ ಪೊಲೀಸು ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪೋಷಕರು ಒಳಗೆ ಬರುವಂತಿರಲಿಲ್ಲವಾದ್ದರಿಂದ ವರಾಂಡದಲ್ಲಿ, ಕಿಟಕಿಯ ಪಕ್ಕ ನಿಂತಿದ್ದರು. ಅಧಿಕಾರಿ ಕೂತ ಕುರ್ಚಿ ಪೀರಣ್ಣನ ಎಡಕ್ಕಿತ್ತು. ನಾನು ಅದನ್ನು ಗಮನಿಸಿದ್ದೆ. ಕುರ್ಚಿ ಈ ಕಡೆ ಹಾಕಿಸೋಣ ಎಂದು ಹೇಳಲು ಬಾಯಿಗೆ ಬಂದಿತ್ತು. ಹೇಳಲಿಲ್ಲ.

ಅಧಿಕಾರಿ ಐದು ನಿಮಿಷ ಮಾತಾಡಿದರು. ದೊಡ್ಡ ಶಾಲೆಯಲ್ಲಿ ಕಂಪ್ಯೂಟರ್ ಇದೆ ಎಂದರು. ಆಮೇಲೆ ಟೈಪು ಮಾಡಿ ತಂದಿದ್ದ ಒಂದು ಹಾಳೆಯನ್ನು ಸಹಿಗೆ ಕೊಟ್ಟರು. ಹಾಳೆ ಕೈಯಿಂದ ಕೈಗೆ ಹೋಯಿತು. ಅಧ್ಯಕ್ಷರು ಹಾಕಿದರು, ಪಕ್ಕದವರು ಹಾಕಿದರು. ಯಾರೂ ಓದಲಿಲ್ಲ. ಅದು ಪೀರಣ್ಣನ ಕೈಗೆ ಬಂತು. ಅವರು ಎದ್ದು ನಿಂತು, “ನಾನು ಪ್ರಶ್ನೆ ಬರ್ದು ಕೊಟ್ಟೀನಿ ಸಾರ್. ಅದನ್ನ ಇನ್ನಾ ಓದಿಲ್ಲ” ಎಂದರು. ಅಧಿಕಾರಿ ಹೆಡ್‌ಮಾಸ್ಟರ ಕಡೆ ನೋಡಿದರು. ಹೆಡ್‌ಮಾಸ್ಟರು ಫೈಲಿನ ಕಡೆ ನೋಡಿದರು.

“ಅದೆಲ್ಲ ಪರಿಶೀಲಿಸ್ತೀವಿ. ನೀವು ಸೈನ್ ಮಾಡಿ ಕೂತ್ಕೊಳ್ಳಿ” ಎಂದರು ಅಧಿಕಾರಿ.

ಪೀರಣ್ಣ ಹಾಳೆಯ ಮೇಲೆ ಬೆರಳಿಟ್ಟು ಓದಲು ಶುರು ಮಾಡಿದರು. “ಸ-ದ-ರಿ ಗ್ರಾ-ಮ-ದ ಪೋ-ಷ-ಕ-ರು...”

“ಮನಸ್ಸಲ್ಲಿ ಓದ್ಕೊಳ್ರಿ” ಎಂದರು ಅಧಿಕಾರಿ, ಎದ್ದು ಮುಂದೆ ಬಂದು.

“ಮನಸ್ಸಲ್ಲಿ ಓದಾಕೆ ಇನ್ನಾ ಬರಲ್ಲ ಸಾರ್” ಎಂದು ಪೀರಣ್ಣ ಮುಂದುವರಿಸಿದರು. “...ಪೋಷಕರು ಸ್ವ-ಇ-ಚ್ಛೆ-ಯಿಂ-ದ ಒ-ಪ್ಪಿ-ರು-ತ್ತಾ-ರೆ.”

ವರಾಂಡದಲ್ಲಿ ಗದ್ದಲವೆದ್ದಿತು. ತಾವು ಒಪ್ಪಿದ್ದೇವೆ ಎಂಬುದು ಹೊರಗೆ ನಿಂತವರಿಗೆ ಗೊತ್ತಾದದ್ದೇ ಆಗ. ಓಬಕ್ಕ ಕಿಟಕಿಯ ಸರಳು ಹಿಡಿದು, “ಯಾರು ಒಪ್ಪಿದ್ದು? ನನ್ ಯಾರು ಕೇಳಿದ್ರು?” ಎಂದಳು. ಅಧಿಕಾರಿ ಮತ್ತೆ ಹೋಗಿ ಕುರ್ಚಿಯಲ್ಲಿ ಕೂತು, “ಸಾಕು ನಿಲ್ಲಿಸ್ರಿ, ಕೂತ್ಕೊಳ್ರಿ” ಎಂದು ಎರಡು ಮೂರು ಸಲ ಹೇಳಿದರು. ಎಡಗಡೆಯಿಂದ ಬಂದ ಆ ಮಾತು ಪೀರಣ್ಣನಿಗೆ ಕೇಳಿಸಲಿಲ್ಲ. ಅವರು ಮುಂದಿನ ಸಾಲಿಗೆ ಬೆರಳಿಟ್ಟಿದ್ದರು. ಕೇಳಿಯೂ ಕೇಳದಂತೆ ಓದುತ್ತಿದ್ದಾನೆ ಎಂದು ಅಧಿಕಾರಿಗೆ ಅನಿಸಿರಬೇಕು. ಕಣ್ಣು ಸನ್ನೆ ಮಾಡಿದರು. ಪೊಲೀಸಿನವನು ಎಡಗಡೆಯಿಂದಲೇ ಬಂದು ಪೀರಣ್ಣನ ತೋಳು ಹಿಡಿದೆಳೆದ. ಅವರು ಬೆಚ್ಚಿ ಕೈ ಕೊಡವಿಕೊಂಡರು. ಮೇಜಿನ ಮೇಲಿದ್ದ ನೀರಿನ ಜಗ್ಗು ಉರುಳಿ ಅಧಿಕಾರಿಯ ಫೈಲು ನೆನೆಯಿತು.

“ಅವ್ರಿಗೆ ಆ ಕಿವಿ ಕೇಳ್ಸಲ್ಲ ಸಾರ್. ಈ ಕಡೆ ಬಂದು ಹೇಳ್ರಿ” ಎಂದು ಓಬಕ್ಕ ಕಿಟಕಿಯಿಂದ ಕೂಗಿದಳು.

“ಯಾರವಳು? ಆಚೆ ಕಳಿಸ್ರಿ.”

ಇಷ್ಟೇ ನಡೆದದ್ದು. ಪೀರಣ್ಣ ಬೈಯಲಿಲ್ಲ, ಹೊಡೆಯಲಿಲ್ಲ. ಅವರನ್ನು ಜೀಪಿಗೆ ಹತ್ತಿಸಿದಾಗ ಹಾಳೆ ಇನ್ನೂ ಕೈಯಲ್ಲೇ ಇತ್ತು. ಪೊಲೀಸಿನವನು ಅದನ್ನು ಬಿಡಿಸಿಕೊಂಡ. ಆಸ್ಮಾ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಅಳಲಿಲ್ಲ. ಓಡಿಹೋಗಿ ಶೆಡ್ಡಿನ ಮುಂದೆ ಅಪ್ಪ ಬಿಟ್ಟು ಬಂದಿದ್ದ ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ಎತ್ತಿ ಒಳಗಿಟ್ಟು ಬಾಗಿಲು ಎಳೆದಳು.

ಜನ ಹೋದ ಮೇಲೆ ಹೆಡ್‌ಮಾಸ್ಟರ ಕೋಣೆಯಲ್ಲಿ ನಡಾವಳಿ ಬರೆಯಬೇಕಾಯಿತು. ಅಧಿಕಾರಿ ಹೇಳಿದರು, ನಾನು ಬರೆದೆ. ‘ಸದಸ್ಯರಾದ ದಾದಾಪೀರ್ ಇವರು ಏರುಧ್ವನಿಯಲ್ಲಿ ಅಧಿಕಾರಿಗಳನ್ನು ನಿಂದಿಸಿ’ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿದೆ.

“ಸಾರ್, ಅವರಿಗೆ ಎಡಗಿವಿ ಕೇಳಿಸಲ್ಲ. ಅವರು ಮಾತಾಡೋದೇ ಹಾಗೆ.”

“ಅದು ಡಾಕ್ಟರ್ ಹೇಳೋ ವಿಷ್ಯ ಮೇಡಂ. ನಡಾವಳಿಯಲ್ಲಿ ಬರಲ್ಲ” ಎಂದರು. ಆಮೇಲೆ ಬಹಳ ಸಮಾಧಾನದಿಂದ, “ನಿಮ್ಮ ಸರ್ವಿಸ್ ಎಷ್ಟು ವರ್ಷ ಆಯ್ತು?” ಎಂದು ಕೇಳಿದರು.

ತಿಪ್ಪೇಸ್ವಾಮಿಯವರು ಕಿಟಕಿಯಾಚೆ ಏನನ್ನೋ ನೋಡುತ್ತಿದ್ದರು. “ನಿಂದಿಸಿ ಅನ್ನೋದು ಮಾತ್ರ ಬೇಡ ಸಾರ್, ಅವರು ಬೈದಿಲ್ಲ” ಎಂದೆ. “ಸರಿ, ತೆಗೀರಿ. ಏರುಧ್ವನಿ ಅಂದ್ರೆ ಸಾಕು” ಎಂದರು ಅಧಿಕಾರಿ. ಉಳಿದದ್ದನ್ನು ಬರೆದೆ. ತರಗತಿಗಳ ವಿಲೀನಕ್ಕೆ ಸಭೆ ಸರ್ವಾನುಮತದಿಂದ ಒಪ್ಪಿತು ಎಂದೂ ಬರೆದೆ. ಓಬಕ್ಕ ಕಿಟಕಿಯಿಂದ ಹೇಳಿದ್ದನ್ನು ಬರೆಯಲಿಲ್ಲ. ಅವಳು ಸದಸ್ಯಳಲ್ಲ. ಆ ಸಂಜೆ ಬಸ್ಸಿನಲ್ಲಿ ಚಳ್ಳಕೆರೆಗೆ ಬರುವಾಗ, ಒಂದು ಪದ ಕಿತ್ತುಹಾಕಿಸಿ ಪೀರಣ್ಣನನ್ನು ಉಳಿಸಿದೆನೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದಾರಿಯಲ್ಲಿ ತಳಕು ಊರು ದಾಟುವವರೆಗೆ ಅದನ್ನು ನಂಬಿಯೂ ಇದ್ದೆ.

ಸಂಜೆಗೆ ಅವರನ್ನು ಠಾಣೆಯಿಂದ ಬಿಟ್ಟರು. ಆದರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆಂದು ಕೇಸು ಹಾಕಿದ್ದರು. ಅದರ ಮೇಲೆ, ಒಂದು ವರ್ಷ ಶಾಂತಿಗೆ ಭಂಗ ತರುವುದಿಲ್ಲ ಎಂದು ದಂಡಾಧಿಕಾರಿಗಳ ಮುಂದೆ ಮುಚ್ಚಳಿಕೆ ಬರೆದುಕೊಡಬೇಕು ಎಂದು ನೋಟೀಸು ಬಂತು. ನಡಾವಳಿ ಪುಸ್ತಕ ತೋರಿಸಲು ದಂಡಾಧಿಕಾರಿಗಳ ಕಚೇರಿಗೆ ನನ್ನನ್ನೂ ಹೆಡ್‌ಮಾಸ್ಟರನ್ನೂ ಕರೆಸಿದ್ದರು. ಅಲ್ಲಿನ ಗುಮಾಸ್ತರು ನಾನು ಬರೆದದ್ದನ್ನು ಓದಿ ಹೇಳಿದರು. ಪೀರಣ್ಣ ಕೈ ಚಾಚಿ ಪುಸ್ತಕ ಕೇಳಿದರು. ಕೊಟ್ಟರು. ಅವರು ಆ ಪುಟವನ್ನು ಬಹಳ ಹೊತ್ತು ನೋಡಿದರು.

“ಇದು ಟೀಚರಮ್ಮನ ಅಕ್ಷರ” ಎಂದರು.

ದೂರಿನಂತೆ ಹೇಳಲಿಲ್ಲ. ಗುರುತು ಹಿಡಿದು ಹೇಳಿದರು, ಅಷ್ಟೆ. ನಾನು ಅವರ ಎದುರಿಗೇ ನಿಂತಿದ್ದೆ. ನನ್ನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಮುಚ್ಚಳಿಕೆಯ ಕಾಗದ ಮುಂದಿಟ್ಟರು. ಪೀರಣ್ಣ ಬೆರಳಿಟ್ಟು ಮೊದಲ ಸಾಲು ಓದತೊಡಗಿದರು. ನಾಲ್ಕು ಅಕ್ಷರವೂ ಆಗಿರಲಿಲ್ಲ, ಗುಮಾಸ್ತರು, “ದನಿ ತಗ್ಗಿಸ್ರಿ. ಇದೇನು ನಿಮ್ಮ ಗ್ಯಾರೇಜಾ?” ಎಂದರು. ಗುಮಾಸ್ತರು ಬಲಕ್ಕೆ ಕೂತಿದ್ದರಿಂದ ಇದು ಕೇಳಿಸಿತು. ಪೀರಣ್ಣ ಬೆರಳು ತೆಗೆದರು. ಕೆಳಗೆ ಎಲ್ಲಿ ಸಹಿ ಎಂದು ಸನ್ನೆಯಲ್ಲೇ ಕೇಳಿ, ಓದದೆ ಹಾಕಿದರು.

ಹೊರಗೆ ಬಂದ ಮೇಲೆ ನಾನು ಹಿಂದೆಯೇ ಹೋಗಿ, ಬಲಕ್ಕೆ ನಿಂತು, “ಪೀರಣ್ಣ, ನಾನು...” ಎಂದೆ. ಅವರು ತಲೆ ಅಲ್ಲಾಡಿಸಿದರು.

“ಗೊತ್ತು ಟೀಚರಮ್ಮ. ನಿಮ್ದೂ ಹೊಟ್ಟೆಪಾಡು. ಬಿಸಿಲೈತೆ, ಬಸ್ಸಿಗೆ ಹೋಗ್ರಿ.”

ಅವರ ಸದಸ್ಯತ್ವ ರದ್ದಾಯಿತು. ಜೂನಿನಲ್ಲಿ ಆರು, ಏಳನೇ ತರಗತಿ ಹೋದವು. ಓಬಕ್ಕನ ಮಗಳು ಕುರಿ ಹಿಂದೆ ಹೋದಳು. ಇನ್ನಿಬ್ಬರು ಹುಡುಗಿಯರು ಮನೆಯಲ್ಲಿ ಉಳಿದರು. ಅವರನ್ನು ಶಾಲೆ ಬಿಟ್ಟವರು ಎಂದು ಬರೆಯಲಿಲ್ಲ. ವರ್ಗಾವಣೆ ಪತ್ರ ಕೊಟ್ಟಾಗಿದೆ ಎಂದು ಬರೆದೆವು. 

ಆಸ್ಮಾಳನ್ನು ಪೀರಣ್ಣ ಸ್ವಲ್ಪ ದಿನ ತಮ್ಮ ಮೊಪೆಡ್ಡಿನಲ್ಲಿ ಬಿಟ್ಟು ಬಂದರು. ಬೆಳಿಗ್ಗೆ ಗಾಡಿ ತಂದವರು ಕಾಯಲಾರದೆ ಬೇರೆ ಕಡೆ ಹೋಗತೊಡಗಿದ ಮೇಲೆ ಅವಳನ್ನು ಚಳ್ಳಕೆರೆಯಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿಟ್ಟರು. ಮಾರ್ಕೆಟ್ಟಿನಲ್ಲಿ ಒಮ್ಮೆ ಸಿಕ್ಕಿದ್ದಳು. ನಮ್ಮ ಶಾಲೆಯಲ್ಲಿ ಪಾಠದ ನಡುವೆ ಐದು ಸಲ ಕೈಯೆತ್ತುತ್ತಿದ್ದ ಹುಡುಗಿ. ಹೊಸ ಶಾಲೆ ಹೇಗಿದೆ ಎಂದೆ. “ಚೆನ್ನಾಗೈತೆ ಮಿಸ್” ಎಂದಳು. ಟೀಚರು ಹೇಗೆ ಎಂದೆ. “ನಾನು ಏನೂ ಕೇಳಲ್ಲ ಮಿಸ್. ಅಮ್ಮೀ ಬಾಯಿ ಬಿಡಬ್ಯಾಡ ಅಂದವ್ಳೆ.”

ಸಭೆಗಳು ಮತ್ತೆ ಪುಸ್ತಕದಲ್ಲಿ ನಡೆಯತೊಡಗಿದವು. ನಾನು ‘ಕ್ರಮ ವಹಿಸಲಾಗುವುದು’ ಎಂದು ಬರೆಯುತ್ತಿದ್ದೆ. ಪುಸ್ತಕ ಹೋಟೆಲಿಗೆ ಹೋಗಿ ಸಹಿಯೊಂದಿಗೆ ಬರುತ್ತಿತ್ತು. ಪೀರಣ್ಣ ಶೆಡ್ಡಿನಲ್ಲೂ ಮಾತು ಕಡಿಮೆ ಮಾಡಿದರು. ಮುಚ್ಚಳಿಕೆಯಲ್ಲಿ ಏನೇನಿದೆ ಎಂದು ಓದಿರಲಿಲ್ಲವಲ್ಲ, ದನಿ ಎತ್ತುವುದೇ ತಪ್ಪು ಎಂದು ತಿಳಿದಿದ್ದರು. ಗಿರಾಕಿಗೆ ಬೆರಳಿನಲ್ಲೇ ತೋರಿಸುತ್ತಿದ್ದರು. ನಾಲ್ಕನೇ ತರಗತಿಗೆ ಸುತ್ತಿಗೆಯ ಸದ್ದು ಮಾತ್ರ ಬರುತ್ತಿತ್ತು.

ನನಗೆ ಚಳ್ಳಕೆರೆಯ ಹತ್ತಿರಕ್ಕೇ ವರ್ಗವಾಯಿತು. ಕೇಳಿ ಪಡೆದ ವರ್ಗ. ಹೊರಡುವ ದಿನ ಶೆಡ್ಡಿಗೆ ಹೋದೆ. ಪೀರಣ್ಣ ಇಂಜಿನ್ನಿನ ಕೆಳಗಿಂದ ಎದ್ದು ಬಂದು, ಗೋಣಿಚೀಲದಲ್ಲಿ ಸ್ಟೂಲು ಒರೆಸಿ ಕೂರಿಸಿದರು. ಅವರ ಹೆಂಡತಿ ಚಹಾ ಕಳಿಸಿದರು. ಚಹಾ ಕುಡಿದಾದ ಮೇಲೆ ಪೀರಣ್ಣ, ಅವರ ಮಟ್ಟಿಗೆ ಬಹಳ ಮೆಲ್ಲಗೆ, ಒಂದು ಮಾತು ಕೇಳಿದರು.

“ಕೇಸು ನಡೀತಾ ಐತೆ ಟೀಚರಮ್ಮ. ವಕೀಲ್ರು ಹೇಳ್ತಾರೆ, ನಂಗೆ ಎಡಗಿವಿ ಕೇಳ್ಸಲ್ಲ, ನಾನು ಯಾವತ್ತೂ ಇಂಗೇ ಮಾತಾಡೋದು ಅಂತ ಸ್ಕೂಲಿನೋರು ಯಾರಾನ ಒಂದು ಕಾಗ್ದ ಬರ್ದು ಕೊಟ್ರೆ ಅನುಕೂಲ ಆಗ್ತೈತಂತೆ. ಡಾಕ್ಟರ್ ಸರ್ಟಿಫಿಕೇಟ್ ತಗಂಡೀನಿ. ಆದ್ರೆ ಆವತ್ತು ಸಭೇಲಿ ಇದ್ದೋರು ಬರೀಬೇಕಂತೆ.”

“ನೋಡ್ತೀನಿ ಪೀರಣ್ಣ” ಎಂದೆ.

ಅವರು ಎರಡನೇ ಸಲ ಕೇಳಲಿಲ್ಲ. ರಸ್ತೆಯವರೆಗೆ ಬಂದು ಆಟೊ ನಿಲ್ಲಿಸಿ ಹತ್ತಿಸಿದರು. ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು.

ಆ ಕಾಗದ ನಾನು ಬರೆಯಲಿಲ್ಲ. ಬರೆಯಬಾರದು ಎಂದು ತೀರ್ಮಾನಿಸಿರಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಗಣತಿ ಕೆಲಸ ಮುಗಿಯಲಿ ಎಂದುಕೊಂಡೆ. ಒಂದು ಭಾನುವಾರ ಕೂತು ‘ಇವರಿಗೆ’ ಎಂದು ಬರೆದು, ಯಾರಿಗೆ ಎಂದು ಗೊತ್ತಾಗದೆ ಎತ್ತಿಟ್ಟೆ. ನನ್ನ ಗಂಡ, “ಸರ್ಕಾರದ ಕೇಸು, ನೀನು ಸರ್ಕಾರದ ಕಡೆ ಸಾಕ್ಷಿ. ಇದನ್ನ ಬರೆದ್ರೆ ಏನಾಗುತ್ತೆ ಯೋಚನೆ ಮಾಡು” ಎಂದರು. ಹೆದರಿಸಲು ಹೇಳಿದ್ದಲ್ಲ. ನಾನು ಯೋಚನೆ ಮಾಡುತ್ತಲೇ ಇದ್ದೆ.

ಎರಡು ವರ್ಷದ ಮೇಲೆ ಕೋರ್ಟಿನಿಂದ ಸಾಕ್ಷಿ ಸಮನ್ಸು ಬಂತು. ಹೋಗಲೇಬೇಕಿತ್ತು. ಹಿಂದಿನ ದಿನವೆಲ್ಲ ಏನು ಹೇಳಬೇಕೆಂದು ಕೂಡಿಸಿಕೊಂಡೆ. ಅವರಿಗೆ ಕಿವಿ ಕೇಳಿಸುವುದಿಲ್ಲ, ಓಬಕ್ಕ ಇದನ್ನು ಎಲ್ಲರೆದುರು ಹೇಳಿದಳು, ನಾನು ಅದನ್ನು ಬಿಟ್ಟು ಬರೆದೆ. ಮೂರು ವಾಕ್ಯ. ಬಸ್ಸಿನಲ್ಲಿ ಕೂತು ಅದನ್ನೇ ಹೇಳಿಕೊಳ್ಳುತ್ತಿದ್ದೆ. ಜಡ್ಜರ ಮುಂದೆ ನಿಂತಾಗ ಇದನ್ನು ಹೇಳುತ್ತಿದ್ದೆನೋ, ಪುಸ್ತಕದಲ್ಲಿ ಇರುವುದು ನನ್ನ ಅಕ್ಷರ, ಇರುವುದೆಲ್ಲ ನಿಜ ಎಂದು ಇಳಿದುಬಿಡುತ್ತಿದ್ದೆನೋ, ನನಗೆ ಈಗಲೂ ಗೊತ್ತಿಲ್ಲ.

ಕೋರ್ಟಿನ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕಾದೆ. ಪೀರಣ್ಣ ಕಾಣಿಸಲಿಲ್ಲ. ಅಧಿಕಾರಿ ಬಂದಿರಲಿಲ್ಲ. ಅವರಿಗೆ ಬೇರೆ ಜಿಲ್ಲೆಗೆ ಬಡ್ತಿಯಾಗಿತ್ತು. ಕೇಸು ಕರೆದಾಗ ಪೀರಣ್ಣನ ವಕೀಲರು ಎದ್ದು ಏನೋ ಹೇಳಿ ಒಂದು ಕಾಗದ ಕೊಟ್ಟರು. ಎರಡು ನಿಮಿಷವೂ ಆಗಲಿಲ್ಲ. ಗುಮಾಸ್ತರು ಹೊರಗೆ ಬಂದು, “ಸಾಕ್ಷಿದಾರರು ಹೋಗಬಹುದು” ಎಂದರು.

ನಾನು ವಕೀಲರ ಹಿಂದೆ ಹೋಗಿ ಏನಾಯಿತು ಎಂದು ಕೇಳಿದೆ.

“ದಾದಾಪೀರ್ ಹೋದ ಶುಕ್ರವಾರ ತೀರ್ಕೊಂಡ್ರಲ್ಲ ಮೇಡಂ, ನಿಮಗೆ ಗೊತ್ತಿಲ್ವಾ? ಶೆಡ್ಡಲ್ಲೇ ಎದೆನೋವು ಬಂತಂತೆ. ಆರೋಪಿ ಇಲ್ಲ ಅಂದ್ರೆ ಕೇಸೂ ಇಲ್ಲ. ರಿಪೋರ್ಟ್ ಬಂದ ಮೇಲೆ ಮುಚ್ಚಿಹಾಕ್ತಾರೆ.” ನನ್ನ ಮುಖ ನೋಡಿ, “ಸದ್ಯ, ನಿಮಗೂ ಓಡಾಟ ತಪ್ಪಿತು” ಎಂದರು.

ಶೆಡ್ಡಿನವರೆಗೆ ಹೋಗಿ ಬರಲು ಹೊತ್ತಿತ್ತು. ನಾನು ಹೋಗಲಿಲ್ಲ. ಸಮನ್ಸಿಗೆ ಬಂದು ಹೋದೆನೆಂದು ಶಾಲೆಗೆ ಕೊಡಲು ಗುಮಾಸ್ತರ ಹತ್ತಿರ ಹಾಜರಿ ಪತ್ರ ಕೇಳಿ ತೆಗೆದುಕೊಂಡೆ. ಸಾಕ್ಷಿ ನುಡಿದರೇ ಎಂಬ ಕಡೆ ಅವರು ಒಂದು ಗೀಟು ಎಳೆದಿದ್ದರು. ಮರುದಿನ ಆ ಪತ್ರವನ್ನು ಹೊಸ ಶಾಲೆಯ ಹೆಡ್‌ಮಾಸ್ಟರಿಗೆ ಕೊಟ್ಟೆ. ಅವರು ಅದನ್ನು ಫೈಲಿಗೆ ಚುಚ್ಚಿ, ಹಾಜರಿ ಪುಸ್ತಕ ತೆರೆದು, ನನ್ನ ಹೆಸರಿನ ಮುಂದೆ ಆ ದಿನದ ಖಾಲಿ ಜಾಗದಲ್ಲಿ ‘ಕರ್ತವ್ಯದ ಮೇಲೆ’ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಂಡರು.